ದಾಳ ಉರುಳಿಸಿ 1961ರ ಬೇಸ್‌ಬಾಲ್ ಋತುವನ್ನು ಮತ್ತೆ ಆಡುವುದು ಹೇಗೆ?

ಶಾಲೆಯ ಕೊನೆಯ ಬೆಂಚಿನಲ್ಲಿ ಕುಳಿತು, ಪುಸ್ತಕ ತೆರೆದಾಗ ಸಿಕ್ಕ ಪುಟಸಂಖ್ಯೆಯ ಕೊನೆಯ ಅಂಕಿಯನ್ನೇ ರನ್ ಎಂದು ಬರೆದುಕೊಂಡವರಿಗೆ, ಹಳೆಯ ಋತುವೊಂದನ್ನು ದಾಳ ಮತ್ತು ಕಾರ್ಡುಗಳಿಂದ ಮತ್ತೆ ಆಡುವ ಈ ಹವ್ಯಾಸದ ಸೆಳೆತ ಹೊಸದಲ್ಲ. ಆದರೆ ಆ ಆಟದಲ್ಲಿ ಬ್ಯಾಟ್ ಹಿಡಿದವರು ವಿಶ್ವನಾಥರೋ ಚಂದ್ರಶೇಖರರೋ ಎಂಬುದಕ್ಕೆ ಬೆಲೆಯೇ ಇರಲಿಲ್ಲ. ಅಮೆರಿಕದ ಮೇಜಿನ ಬೇಸ್‌ಬಾಲ್ ಆಟಗಳು ನೀಗಿಸಿದ್ದು ಈ ಕೊರತೆಯನ್ನೇ. ಅಲ್ಲಿ ಪ್ರತಿಯೊಬ್ಬ ಆಟಗಾರನ ಒಂದು ವರ್ಷದ ಸಾಧನೆಯನ್ನು ಒಂದು ಕಾರ್ಡಿಗೆ ಇಳಿಸಿರುತ್ತಾರೆ. 1951ರಲ್ಲಿ ಎಪಿಬಿಎ, 1961ರಲ್ಲಿ ಹಾಲ್ ರಿಚ್‌ಮನ್ ಅವರ ಸ್ಟ್ರಾಟ್-ಒ-ಮ್ಯಾಟಿಕ್ ಮಾರುಕಟ್ಟೆಗೆ ಬಂದವು. ಇಲ್ಲಿನ ವಿವರಣೆ ಎರಡನೆಯದನ್ನು ಅನುಸರಿಸಿದೆ.

ಮೊದಲು ಋತುವನ್ನು ಆರಿಸಿಕೊಳ್ಳಬೇಕು. ಹೊಸಬರಿಗೆ ನನ್ನ ಸಲಹೆ ಅಮೆರಿಕದ ಎರಡು ಪ್ರಮುಖ ಬೇಸ್‌ಬಾಲ್ ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿನ 1961ರ ಋತು. ಆ ವರ್ಷ ಲೀಗಿನ ತಂಡಗಳು ಎಂಟರಿಂದ ಹತ್ತಕ್ಕೆ, ಪ್ರತಿ ತಂಡದ ಪಂದ್ಯಗಳು 154ರಿಂದ 162ಕ್ಕೆ ಏರಿದವು. ನ್ಯೂಯಾರ್ಕ್ ಯಾಂಕೀಸ್ ತಂಡದ ರೋಜರ್ ಮ್ಯಾರಿಸ್ 61 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಬೇಲಿಯಾಚೆ ಕಳಿಸುವ, ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದು, ಬೇಬ್ ರೂತ್ 1927ರಲ್ಲಿ ಸ್ಥಾಪಿಸಿದ್ದ 60ರ ದಾಖಲೆಯನ್ನು ದಾಟಿದರು. ಅವರ ಜೊತೆಗಾರ ಮಿಕಿ ಮ್ಯಾಂಟಲ್ 54 ಹೊಡೆದರು.

ಎರಡನೆಯದಾಗಿ, ಎಷ್ಟು ಆಡಬೇಕೆಂದು ನಿರ್ಧರಿಸಬೇಕು. ಇಡೀ ಲೀಗ್ ಆಡಿಸಲು ಹೊರಟರೆ 810 ಪಂದ್ಯಗಳಾಗುತ್ತವೆ. ದಿನಕ್ಕೊಂದರಂತೆ ಆಡಿದರೂ ಎರಡು ವರ್ಷ ಮೀರುತ್ತದೆ. ಯಾಂಕೀಸ್ ತಂಡವೊಂದನ್ನೇ ಹಿಡಿದರೆ ಒಂಬತ್ತು ಎದುರಾಳಿಗಳೊಡನೆ ತಲಾ 18, ಅಂದರೆ 162 ಪಂದ್ಯ. ಪಂದ್ಯಕ್ಕೆ ಅರ್ಧ ಗಂಟೆಯೆಂದರೆ ಸುಮಾರು 81 ಗಂಟೆಯ ಕೆಲಸ. ಮೊದಲ ಸಲಕ್ಕೆ ಇದೇ ಸರಿ. ಅಂದಂದಿನ ಪಂದ್ಯಪಟ್ಟಿ ಮತ್ತು ಸ್ಕೋರು ವಿವರಗಳು ರೆಟ್ರೋಶೀಟ್ ಎಂಬ ಸ್ವಯಂಸೇವಕರ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಎದುರಾಳಿ ತಂಡಗಳಿಗೆ ಅಂದು ನಿಜವಾಗಿ ಆಡಿದವರನ್ನೇ ಇಳಿಸಿದರೆ ಅರ್ಧ ತಲೆನೋವು ತಪ್ಪುತ್ತದೆ.

ಈಗ ಆಟ. ಮೊದಲ ಪಂದ್ಯ 1961ರ ಏಪ್ರಿಲ್ 11ರದು. ವಾಷಿಂಗ್ಟನ್‌ನಿಂದ ಆಗಷ್ಟೇ ವಲಸೆ ಬಂದಿದ್ದ ಮಿನೆಸೋಟ ಟ್ವಿನ್ಸ್ ಎದುರಾಳಿ. ಅವರ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಪೆಡ್ರೊ ರಾಮೋಸ್. ಮ್ಯಾರಿಸ್ ಬ್ಯಾಟಿಂಗಿಗೆ ಬಂದಾಗ ಇಬ್ಬರ ಕಾರ್ಡುಗಳನ್ನೂ ಪಕ್ಕಪಕ್ಕ ಇಟ್ಟು ಮೂರು ದಾಳಗಳನ್ನು ಒಟ್ಟಿಗೆ ಉರುಳಿಸಿ. ಬೇರೆ ಬಣ್ಣದ ಒಂಟಿ ದಾಳ ಕಾಲಂ ಯಾವುದೆಂದು ಹೇಳುತ್ತದೆ: 1ರಿಂದ 3 ಬಿದ್ದರೆ ಬ್ಯಾಟರ್‌ನ ಕಾರ್ಡು, 4ರಿಂದ 6 ಬಿದ್ದರೆ ಪಿಚರ್‌ನ ಕಾರ್ಡು. ಉಳಿದೆರಡು ದಾಳಗಳ ಮೊತ್ತ ಆ ಕಾಲಮ್ಮಿನ ಸಾಲನ್ನು ತೋರಿಸುತ್ತದೆ. ಒಂಟಿ ದಾಳ 2, ಉಳಿದವು 5 ಮತ್ತು 3 ಬಿದ್ದಿವೆ ಎನ್ನೋಣ. ಮ್ಯಾರಿಸ್ ಕಾರ್ಡಿನ ಎರಡನೆಯ ಕಾಲಂ, ಎಂಟನೆಯ ಸಂಖ್ಯೆಯ ಸಾಲಿನಲ್ಲಿ ಬೆರಳಿಟ್ಟು ಓದಿದರೆ ಹೋಮ್ ರನ್ನೋ, ವಾಕೋ (ನಾಲ್ಕು ತಪ್ಪು ಎಸೆತಗಳಿಂದ ಸಿಗುವ ಮೊದಲ ಬೇಸ್), ಔಟೋ ತಿಳಿಯುತ್ತದೆ.

ಈ ಜೋಡಣೆಯ ಲೆಕ್ಕವನ್ನು ಅರಿತುಕೊಂಡರೆ ಕಾರ್ಡಿನ ಮೇಲೆ ನಂಬಿಕೆ ಬರುತ್ತದೆ. ಮೂರು ದಾಳಗಳು 216 ರೀತಿಯಲ್ಲಿ ಬೀಳಬಹುದು. ಅದರಲ್ಲಿ 108 ಬ್ಯಾಟರ್‌ನ ಪಾಲು, 108 ಪಿಚರ್‌ನ ಪಾಲು. ಎರಡು ದಾಳಗಳ ಮೊತ್ತ 7 ಆಗಲು ಆರು ದಾರಿಗಳಿದ್ದರೆ 2 ಅಥವಾ 12 ಆಗಲು ಒಂದೊಂದೇ ದಾರಿ. ಹೀಗಾಗಿ ಏಳರ ಸಾಲಿನಲ್ಲಿ ಕೂತ ಹೋಮ್ ರನ್ನಿಗೂ ಹನ್ನೆರಡರ ಸಾಲಿನಲ್ಲಿ ಕೂತದ್ದಕ್ಕೂ ಆರು ಪಟ್ಟು ವ್ಯತ್ಯಾಸ. ಕಾರ್ಡು ಕೆಲವೊಮ್ಮೆ ಚೆಂಡು ಯಾವ ಫೀಲ್ಡರ್‌ನ ಕಡೆಗೆ ಹೋಯಿತೆಂದಷ್ಟೇ ಹೇಳುತ್ತದೆ. ಆಗ ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಆ ಫೀಲ್ಡರ್‌ನ ದರ್ಜೆಯನ್ನು ಕೋಷ್ಟಕದೊಡನೆ ತಾಳೆ ನೋಡಬೇಕು. ಫೀಲ್ಡಿಂಗ್ ದರ್ಜೆಯಲ್ಲಿ 1 ಅತ್ಯುತ್ತಮ, 5 ಅತ್ಯಂತ ಕಳಪೆ.

ಈ ಹವ್ಯಾಸದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವುದು ಬಳಕೆಯ ಮಿತಿಯನ್ನು. ಯಾಂಕೀಸ್ ತಂಡದ ವೈಟಿ ಫೋರ್ಡ್ ಆ ವರ್ಷ 39 ಪಂದ್ಯಗಳನ್ನು ಪಿಚರ್ ಆಗಿ ಆರಂಭಿಸಿ, 283 ಇನಿಂಗ್ಸ್ ಎಸೆದು, 25 ಗೆದ್ದು 4 ಸೋತರು. ಕಾರ್ಡು ಚೆನ್ನಾಗಿದೆಯೆಂದು ಅವರನ್ನು 60 ಪಂದ್ಯಗಳಿಗೆ ಇಳಿಸಿದರೆ ದಾಳ ಆಕ್ಷೇಪಿಸುವುದಿಲ್ಲ, ಆದರೆ ನೀವು ಆಡುತ್ತಿರುವುದು 1961ರ ಋತುವಾಗಿ ಉಳಿಯುವುದೂ ಇಲ್ಲ. ಕೆಲವೇ ಸಲ ಬ್ಯಾಟ್ ಮಾಡಿ ಅದೃಷ್ಟವಶಾತ್ ಒಳ್ಳೆಯ ಸರಾಸರಿ ಗಳಿಸಿದ ಬದಲಿ ಆಟಗಾರನ ಕಾರ್ಡು ಇನ್ನೂ ಅಪಾಯಕಾರಿ, ಏಕೆಂದರೆ ಅದನ್ನು ದಿನವೂ ಆಡಿಸುವ ಆಸೆಯನ್ನು ತಡೆಯುವುದು ಕಷ್ಟ. ಆದ್ದರಿಂದ ಪ್ರತಿ ಆಟಗಾರನ ನಿಜವಾದ ಲೆಕ್ಕವನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆದಿಟ್ಟುಕೊಂಡು, ಅದನ್ನು ಶೇ 10ಕ್ಕಿಂತ ಹೆಚ್ಚು ಮೀರಬಾರದೆಂದು ಮೊದಲೇ ಗೆರೆ ಎಳೆಯಿರಿ. ಮ್ಯಾರಿಸ್ ಅವರ ಅಧಿಕೃತ ಬ್ಯಾಟಿಂಗ್ ಸರದಿಗಳು 590. ಅವರಿಗೂ ಇದೇ ನಿಯಮ. ಋತುವಿನ ಕೊನೆಗೆ ಸೊಂಟದ ಸೋಂಕಿನಿಂದ ಮ್ಯಾಂಟಲ್ ಹೊರಗುಳಿದರು. ನಿಮ್ಮ ಋತುವಿನಲ್ಲೂ ಅವರನ್ನು ಹೊರಗಿಡುವಿರೋ ಇಲ್ಲವೋ ಎಂಬುದನ್ನು ಸೆಪ್ಟೆಂಬರ್‌ಗೆ ಬಿಡದೆ ಏಪ್ರಿಲ್‌ನಲ್ಲೇ ತೀರ್ಮಾನಿಸಿ.

ಒಂಟಿಯಾಗಿ ಆಡುವಾಗ ಎರಡೂ ತಂಡಗಳಿಗೆ ನೀವೊಬ್ಬರೇ ಮ್ಯಾನೇಜರ್ ಆಗಿರುವುದರಿಂದ ಪಕ್ಷಪಾತ ಸುಲಭವಾಗಿ ನುಸುಳುತ್ತದೆ. ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು) ಯಾವಾಗ, ಪಿಚರ್‌ನನ್ನು ಬದಲಿಸುವುದು ಯಾವಾಗ ಎಂಬ ನಾಲ್ಕೈದು ನಿಯಮಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳಿ.

ಲೆಕ್ಕವನ್ನು ಪಂದ್ಯ ಮುಗಿದ ಕೂಡಲೇ ಬರೆಯಬೇಕು; ನಾಳೆಗೆಂದು ಬಿಟ್ಟ ಮೂರು ಸ್ಕೋರ್‌ಶೀಟುಗಳೇ ಎಷ್ಟೋ ಋತುಗಳನ್ನು ಅರ್ಧದಲ್ಲಿ ನಿಲ್ಲಿಸುತ್ತವೆ. ಇಪ್ಪತ್ತು ಪಂದ್ಯಗಳಿಗೊಮ್ಮೆ ಒಟ್ಟು ಮೊತ್ತವನ್ನು ನಿಜವಾದ ಅಂಕಿಗಳೊಂದಿಗೆ ಹೋಲಿಸಿ ನೋಡಿ, ಆದರೆ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. 590 ಸರದಿಗಳಲ್ಲಿ 61 ಹೋಮ್ ರನ್ ನಿರೀಕ್ಷೆಯಿರುವ ಬ್ಯಾಟರ್‌ಗೆ ಆಕಸ್ಮಿಕದಿಂದಲೇ ಏಳೆಂಟು ಹೆಚ್ಚುಕಡಿಮೆಯಾಗುವುದು ಸಹಜ. ನಿಮ್ಮ ಮ್ಯಾರಿಸ್ 54ಕ್ಕೆ ನಿಲ್ಲಬಹುದು, 68ಕ್ಕೂ ಹೋಗಬಹುದು. ರೂತ್ ಅವರ ಅರುವತ್ತನ್ನು ದಾಟುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಕೊನೆಯ ಪಂದ್ಯ ಅಕ್ಟೋಬರ್ 1ರದು. ಎದುರಾಳಿ ಬಾಸ್ಟನ್, ಪಿಚರ್ ಟ್ರೇಸಿ ಸ್ಟಾಲರ್ಡ್. ನಿಜವಾದ 61ನೆಯ ಹೋಮ್ ರನ್ ಬಂದದ್ದು ಅಂದೇ, ಮತ್ತು ಯಾಂಕೀಸ್ 1–0ಯಿಂದ ಗೆದ್ದದ್ದು ಆ ಒಂದೇ ರನ್ನಿನಿಂದ. ಆ ಪಂದ್ಯವನ್ನು ಆಡಲು ಕುಳಿತುಕೊಳ್ಳುವ ಮೊದಲು ಮ್ಯಾರಿಸ್ ಅವರ ಅಲ್ಲಿಯವರೆಗಿನ ಮೊತ್ತವನ್ನು ಇನ್ನೊಮ್ಮೆ ಕೂಡಿ ನೋಡಿ, ಸ್ಕೋರ್‌ಶೀಟಿನ ಮೇಲ್ತುದಿಯಲ್ಲಿ ಬರೆದುಕೊಂಡು, ಆಮೇಲೆ ದಾಳ ಉರುಳಿಸಿ.