ಟೋಕಿಯೊ ಡಿಸ್ನಿಲ್ಯಾಂಡಿಗೆ ಮೂರು ಸಲ

ನಾವಿರುವುದು ಟೋಕಿಯೊದ ನಿಶಿ-ಕಾಸಾಯಿಯಲ್ಲಿ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಕಡೆ. ತೊಗರಿಬೇಳೆಗೂ ಹುಣಸೆಹಣ್ಣಿಗೂ ಅಲೆಯಬೇಕಿಲ್ಲ. ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ: ಮಕ್ಕಳನ್ನು ಡಿಸ್ನಿಲ್ಯಾಂಡಿಗೆ ಕರೆದುಕೊಂಡು ಹೋದಿರಾ? ಹೋಗದಿರಲು ನೆಪವೂ ಇರಲಿಲ್ಲ. ಕಾಸಾಯಿ ರಿಂಕಾಯ್ ಪಾರ್ಕ್ ನಿಲ್ದಾಣದಲ್ಲಿ ಕೆಯೊ ಲೈನ್ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಮಾಯ್ಹಾಮಾ. ಹೆಸರು ಟೋಕಿಯೊದ್ದಾದರೂ ಪಾರ್ಕ್ ಇರುವುದು ಪಕ್ಕದ ಚಿಬಾ ಪ್ರಾಂತದಲ್ಲಿ, ಸಮುದ್ರ ತುಂಬಿಸಿ ಮಾಡಿದ ನೆಲದ ಮೇಲೆ. 1983ರಲ್ಲಿ ತೆರೆದದ್ದು, ಅಮೆರಿಕದ ಹೊರಗೆ ಡಿಸ್ನಿಯವರ ಮೊದಲ ಪಾರ್ಕ್ ಇದೇ.

ಮೊದಲ ಸಲ ಹೋದದ್ದು ಆಗಸ್ಟ್‌ನಲ್ಲಿ. ನನ್ನ ಗಂಡನಿಗೆ ರಜೆ ಸಿಕ್ಕಿದ್ದೇ ಆಗ. ಜಪಾನಿನ ಅರ್ಧದಷ್ಟು ಜನಕ್ಕೂ ಆಗಲೇ ರಜೆ ಎಂಬುದು ಗೇಟಿನ ಮುಂದೆ ನಿಂತ ಮೇಲೆ ತಿಳಿಯಿತು. ಮಂಗಳೂರಿನ ಮೇ ತಿಂಗಳನ್ನು ನೆನಪಿಸುವ ಸೆಕೆ. ಮಗಳಿಗೆ ಆಗ ನಾಲ್ಕೂವರೆ ವರ್ಷ, ಮಗನಿಗೆ ಎರಡು. ದೊಡ್ಡವರ ಟಿಕೆಟ್ ದಿನ ನೋಡಿಕೊಂಡು 7,900ರಿಂದ 10,900 ಯೆನ್‌ವರೆಗೆ ಇತ್ತು. ನಾವು ಆರಿಸಿದ್ದು ದುಬಾರಿ ದಿನವನ್ನೇ. ಕೊಟ್ಟ ದುಡ್ಡು ದಕ್ಕಿಸಿಕೊಳ್ಳಬೇಕೆಂದು ಬೆಳಗಿನಿಂದ ರಾತ್ರಿಯವರೆಗೆ ಇರುವುದೆಂದು ತೀರ್ಮಾನಿಸಿದ್ದೆವು. ಮಧ್ಯಾಹ್ನ ಎರಡಕ್ಕೆ ಮಕ್ಕಳಿಬ್ಬರೂ ಒಟ್ಟಿಗೆ ಅಳುತ್ತಿದ್ದರು. ಮೂರಕ್ಕೆ ನಾನೂ ಅಳುವ ಹಂತಕ್ಕೆ ಬಂದಿದ್ದೆ.

ಅವತ್ತಿನ ದೊಡ್ಡ ಅಳು ಮಾತ್ರ ಸೆಕೆಯದಲ್ಲ. ಬಿಗ್ ಥಂಡರ್ ಮೌಂಟನ್ ಎಂಬ, ಕೆಂಪು ಬಂಡೆಗಳ ನಡುವೆ ಗಣಿಯ ರೈಲು ಓಡುವ ಆಟಕ್ಕೆ ಮಗಳು ವಾರದಿಂದ ಕಾಯುತ್ತಿದ್ದಳು. ಅದಕ್ಕೆ ಕನಿಷ್ಠ 102 ಸೆಂಟಿಮೀಟರ್ ಎತ್ತರ ಬೇಕು. ಅಳತೆಯ ಪಟ್ಟಿಯ ಪಕ್ಕ ನಿಲ್ಲಿಸಿದರು. ಅವಳು ಮೆಲ್ಲಗೆ ಹಿಮ್ಮಡಿ ಎತ್ತಿದಳು. ಸಿಬ್ಬಂದಿ ಹುಡುಗಿ ಮೊಣಕಾಲೂರಿ ಕುಳಿತು, ನಗುತ್ತಲೇ, ಅವಳ ಶೂ ಕಡೆ ಬೆರಳು ತೋರಿಸಿದಳು. ಹಿಮ್ಮಡಿ ಇಳಿಯಿತು. ತಲೆಯ ಮೇಲೆ ಮೂರು ಬೆರಳಿನಷ್ಟು ಜಾಗ ಉಳಿಯಿತು. ತಪ್ಪು ನನ್ನದೇ. ಪ್ರತಿ ಆಟಕ್ಕೂ ಎಷ್ಟು ಎತ್ತರ ಬೇಕೆಂದು ಪಾರ್ಕಿನ ಜಾಲತಾಣದಲ್ಲೇ ಹಾಕಿರುತ್ತಾರೆ. ಮನೆಯಲ್ಲೇ ಅಳೆದು, 'ಇದು ಈ ಸಲ ಇಲ್ಲ ಕಂದಾ' ಎಂದಿದ್ದರೆ ಆ ಅಳು ಮನೆಯಲ್ಲೇ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಮನೆಗೆ ಬಂದವಳೇ ಅಳತೆ ಶುರುಮಾಡಿದೆ. ಬಾಡಿಗೆ ಮನೆಯ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಬಿದ್ದರೆ ಖಾಲಿ ಮಾಡುವಾಗ ಲೆಕ್ಕ ಕೇಳುತ್ತಾರೆಂಬ ಭಯ; ಅದಕ್ಕೆ ಬೀರುವಿನ ಬಾಗಿಲಿಗೆ ಕಾಗದದ ಟೇಪು ಅಂಟಿಸಿ, 102ರಲ್ಲಿ ಕೆಂಪು ಗೆರೆ ಎಳೆದೆ. ಮಗಳ ಗೆರೆ 98ರ ಮೇಲಿತ್ತು.

ಎರಡನೆಯ ಸಲ ಜನವರಿ ನಡುವಿನ ಒಂದು ಮಂಗಳವಾರ ಹೋದೆವು. ಶಾಲೆಗಳು ತೆರೆದಿದ್ದವು. ಚಳಿ ಇದ್ದರೂ ಟೋಕಿಯೊದ ಜನವರಿಯಲ್ಲಿ ಬಿಸಿಲು ಚೆನ್ನಾಗಿರುತ್ತದೆ. ಈ ಸಲ ಆಟಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಮಗನ ನಿದ್ದೆಯ ಹೊತ್ತನ್ನು ಮುಂದಿಟ್ಟುಕೊಂಡು ದಿನ ಹಾಕಿಕೊಂಡೆ. ಗೇಟು ತೆರೆಯುವ ಮುಕ್ಕಾಲು ಗಂಟೆ ಮೊದಲೇ ಸಾಲಿನಲ್ಲಿ. ಹನ್ನೊಂದೂವರೆಯೊಳಗೆ ಮೂರೇ ಆಟ: ಪೂಹ್ ಕರಡಿಯ ಜೇನಿನ ಬೇಟೆ, ಹಾರುವ ಆನೆ ಡಂಬೊ, ದೋಣಿಯಲ್ಲಿ ಕೂತು ಗೊಂಬೆಗಳನ್ನು ನೋಡುವ 'ಇಟ್ಸ್ ಎ ಸ್ಮಾಲ್ ವರ್ಲ್ಡ್'. ಪೂಹ್ ಆಟದಲ್ಲಿ ನಾವು ಕೂರುವ ಜೇನಿನ ಮಡಕೆಗಳಿಗೆ ಹಳಿಯೇ ಇಲ್ಲ. ಒಂದನ್ನೊಂದು ತಪ್ಪಿಸಿಕೊಂಡು ಸುತ್ತುತ್ತವೆ. ಮಕ್ಕಳು ಕರಡಿಯನ್ನು ನೋಡಿದರೆ ನನ್ನ ಗಂಡ ಇಡೀ ಹೊತ್ತು ಬಗ್ಗಿ ನೆಲ ನೋಡುತ್ತಿದ್ದರು.

ಊಟದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾವು ಮೊಟ್ಟೆಯನ್ನೂ ತಿನ್ನದವರು. ಜಪಾನಿನಲ್ಲಿ ಕಣ್ಣಿಗೆ ಬರೀ ತರಕಾರಿಯಾಗಿ ಕಾಣುವ ಸಾರಿನಲ್ಲೂ ದಾಶಿ ಇರುತ್ತದೆ, ಅಂದರೆ ಬಹುಮಟ್ಟಿಗೆ ಒಣಮೀನಿನಿಂದ ತೆಗೆದ ರಸ. ಪಾರ್ಕ್ ಪಾಪ್‌ಕಾರ್ನ್‌ಗೆ ಹೆಸರುವಾಸಿ. ಒಂದೊಂದು ಗಾಡಿಯಲ್ಲಿ ಒಂದೊಂದು ರುಚಿ. ಕರಿ ರುಚಿಯದನ್ನು ಕಂಡು ಮಗಳು ಕುಣಿದಳು, ಆದರೆ ಅಂಥ ಮಸಾಲೆ ಪುಡಿಯಲ್ಲಿ ಏನೇನಿರುತ್ತದೋ ಎಂದು ನಾನು ಕ್ಯಾರಮೆಲ್‌ಗೇ ನಿಂತೆ. ಹೊರಗಿನ ಬುತ್ತಿಯನ್ನು ಒಳಗೆ ತಿನ್ನುವಂತಿಲ್ಲ. ಎಳೆಮಕ್ಕಳ ಆಹಾರಕ್ಕೆ ವಿನಾಯಿತಿ ಇದೆ. ಆದರೆ ಗೇಟಿನ ಹೊರಗೆ ಬುತ್ತಿ ಬಿಚ್ಚಲೆಂದೇ ಮೇಜು-ಬೆಂಚುಗಳ ಜಾಗವಿದೆ, ಹೊರಗೆ ಹೋಗಿ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬರಬಹುದು. ಬಿಸಿ ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ, ಮಕ್ಕಳಿಗೆ ಸಕ್ಕರೆ-ತುಪ್ಪ ಸವರಿ ಸುತ್ತಿದ ಚಪಾತಿ. ಪಕ್ಕದ ಮೇಜಿನಲ್ಲಿ ಜಪಾನಿ ಅಜ್ಜಿಯೊಬ್ಬರು ಮೊಮ್ಮಕ್ಕಳಿಗೆ ಅನ್ನದುಂಡೆ ಹಂಚುತ್ತಿದ್ದರು. ಉಂಡ ಮೇಲೆ ಮಗ ತಳ್ಳುಗಾಡಿಯಲ್ಲಿ ಎರಡು ಗಂಟೆ ನಿದ್ದೆ ಹೊಡೆದ.

ತಳ್ಳುಗಾಡಿ ಒಳಗೆ ಬಾಡಿಗೆಗೆ ಸಿಗುತ್ತದೆ. ನಡೆಯುವ ಮಗುವಿಗೂ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ; ಬೆಳಿಗ್ಗೆ ಓಡಿದ ಕಾಲು ಮಧ್ಯಾಹ್ನ ಓಡುವುದಿಲ್ಲ. ತೊಂದರೆಯೆಂದರೆ ಆಟಕ್ಕೆ ಹೋಗುವಾಗ ಅದನ್ನು ಹೊರಗೆ ಬಿಡಬೇಕು, ಬಾಡಿಗೆಯವೆಲ್ಲ ಒಂದೇ ತರಹ ಇರುತ್ತವೆ, ಸಿಬ್ಬಂದಿ ಅವನ್ನು ಆಗಾಗ ಸಾಲಾಗಿ ಜೋಡಿಸಿ ಬೇರೆ ಕಡೆ ಇಟ್ಟಿರುತ್ತಾರೆ. ಆಗಸ್ಟ್‌ನಲ್ಲಿ ನಾವು ನಮ್ಮದನ್ನು ಹುಡುಕಲು ಇಪ್ಪತ್ತು ನಿಮಿಷ ಕಳೆದಿದ್ದೆವು. ಜನವರಿಯಲ್ಲಿ, ಯಾರೋ ಅರಿಶಿನ-ಕುಂಕುಮಕ್ಕೆ ಕರೆದು ಕೊಟ್ಟಿದ್ದ ಗಿಳಿಹಸಿರು ಬ್ಲೌಸ್ ಪೀಸನ್ನು ಹಿಡಿಕೆಗೆ ಕಟ್ಟಿದೆ. ಹೊಲಿಸದೆ ಕೈಯಿಂದ ಕೈಗೆ ದಾಟುವುದೇ ಹಣೆಬರಹವಾಗಿದ್ದ ಆ ಬಟ್ಟೆ ಕೊನೆಗೂ ಕೆಲಸಕ್ಕೆ ಬಂತು. ಐವತ್ತು ಗಾಡಿಗಳ ನಡುವೆ ದೂರದಿಂದಲೇ ಕಾಣುತ್ತಿತ್ತು.

ಮಕ್ಕಳ ಕೈಮೇಲೆ ಪೆನ್ನಿನಿಂದ ಫೋನ್ ನಂಬರ್ ಬರೆಯುವ ಉಪಾಯವನ್ನು ಆಗಸ್ಟ್‌ನಲ್ಲಿ ಮಾಡಿ ನೋಡಿದ್ದೆ. ಬೆವರಿಗೆ ಬೆಳಗಿನ ಹತ್ತು ಗಂಟೆಯೊಳಗೆ ಅಳಿಸಿಹೋಯಿತು. ಈಗ ಬಟ್ಟೆಯ ಚೂರಿನ ಮೇಲೆ ಬರೆದು ಅಂಗಿಯ ಒಳಗೆ ಪಿನ್ನು ಹಾಕುತ್ತೇನೆ. ಮಗು ತಪ್ಪಿಸಿಕೊಂಡರೆ ಇಲ್ಲಿ ಧ್ವನಿವರ್ಧಕದಲ್ಲಿ ಕೂಗುವುದಿಲ್ಲ, ಹತ್ತಿರದ ಸಿಬ್ಬಂದಿಗೆ ನಾವೇ ಹೇಳಬೇಕು ಎಂಬುದು ತಿಳಿದಿರಲಿ.

ಮೂರನೆಯ ಸಲ ಮೇ ತಿಂಗಳಲ್ಲಿ. ಶಿವಮೊಗ್ಗದಿಂದ ಅತ್ತೆ ಬಂದಿದ್ದರು. ದಿನವಿಡೀ ನಡೆಯುವುದು ಅವರ ಮಂಡಿಗೂ ಆಗದು. ಅದಕ್ಕೆ ವಾರದ ದಿನಗಳಲ್ಲಿ ಸಂಜೆ ಐದರಿಂದ ಒಳಗೆ ಬಿಡುವ ಟಿಕೆಟ್ ತೆಗೆದೆವು. ಇಡೀ ದಿನದ್ದಕ್ಕಿಂತ ಅಗ್ಗ. ಮಧ್ಯಾಹ್ನ ಎಲ್ಲರೂ ಮನೆಯಲ್ಲಿ ಉಂಡು, ಮಲಗಿ, ಎದ್ದು ಕಾಫಿ ಕುಡಿದು ಹೊರಟೆವು. ಹತ್ತಿರ ಉಳಿದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಶಾಲಾ ಪ್ರವಾಸಕ್ಕೆ ಬಂದಿದ್ದ ಸಮವಸ್ತ್ರದ ಮಕ್ಕಳು ಹೊರಗೆ ಬರುವ ಹೊತ್ತಿಗೆ ನಾವು ಒಳಗೆ.

ರಾತ್ರಿ ದೀಪಗಳ ಮೆರವಣಿಗೆ ನೋಡಲು ಒಂದು ಗಂಟೆ ಮೊದಲಿನಿಂದ ನೆಲಕ್ಕೆ ಹಾಸು ಹಾಕಿಕೊಂಡು ಕೂರಲು ಬಿಡುತ್ತಾರೆ. ಮುಂದಿನ ಸಾಲಿನವರು ಕೂತೇ ನೋಡಬೇಕು. ಅತ್ತೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, "ತೇರಿಗೂ ಹೀಗೆ ಕೂರಿಸಿದ್ದರೆ ನಾನು ಯಾವತ್ತೂ ತಪ್ಪಿಸುತ್ತಿರಲಿಲ್ಲ" ಎಂದರು.

ಇನ್ನು ಬಿಗ್ ಥಂಡರ್. ಟೇಪಿನ ಮೇಲೆ ಮಗಳ ಗೆರೆ 103 ಮುಟ್ಟಿತ್ತು. ಅಳತೆಯ ಪಟ್ಟಿಯ ಪಕ್ಕ ಅವಳು ಹಿಮ್ಮಡಿ ಊರಿ, ಎದೆ ಉಬ್ಬಿಸಿ ನಿಂತಳು. ಒಳಗೆ ಬಿಟ್ಟರು. ನಲವತ್ತು ನಿಮಿಷದ ಸಾಲು ದಾಟಿ, ರೈಲು ಗಡಗಡ ಎನ್ನುತ್ತ ಮುಂದೆ ಬಂದು ನಿಂತಾಗ ನನ್ನ ಕೈ ಬಿಗಿಯಾಗಿ ಹಿಡಿದು, "ಅಮ್ಮಾ, ಒಂದಕ್ಕೆ" ಎಂದಳು. ಪಕ್ಕದ ಬಾಗಿಲಿನಿಂದ ಇಬ್ಬರನ್ನೂ ಹೊರಗೆ ಬಿಟ್ಟರು. ಹೊರಗೆ ಬಂದ ಮೇಲೆ ಅವಳಿಗೆ ಒಂದಕ್ಕೆ ಬರಲಿಲ್ಲ.

ಟೇಪು ಬೀರುವಿನ ಮೇಲೆ ಹಾಗೆಯೇ ಇದೆ. ಈಗ ಮಗ ದಿನಾ ಮಲಗುವ ಮುಂಚೆ ಅಲ್ಲಿ ಹೋಗಿ ನಿಲ್ಲುತ್ತಾನೆ. ಹಿಮ್ಮಡಿ ಎತ್ತುವುದನ್ನು ಅಕ್ಕ ಕಲಿಸಿಕೊಟ್ಟಿದ್ದಾಳೆ.