ಆನೆ ತಲೆ, ಸಿಂಹದ ಮೈ: ಗಿಂಪ್‌ನಲ್ಲಿ ನಾನು ಗಜಕೇಸರಿ ಮಾಡಿದ ಬಗೆ

ನಮ್ಮ ರಾಜ್ಯದ ಲಾಂಛನ ನೋಡಿರುತ್ತೀರಿ. ನಡುವೆ ಗಂಡಭೇರುಂಡ, ಎರಡೂ ಪಕ್ಕ ಒಂದೊಂದು ಗಜಕೇಸರಿ. ಹಳದಿ ಸಿಂಹದ ಮೈ, ಕೆಂಪು ಕೇಸರ, ಆನೆಯ ತಲೆ. ಈ ಪ್ರಾಣಿ ನಿಜಕ್ಕೂ ಇದ್ದು, ಯಾರೋ ಅದರ ಫೋಟೋ ತೆಗೆದಿದ್ದರೆ ಹೇಗಿರುತ್ತಿತ್ತು? ಅದನ್ನೇ ಮಾಡಿ ನೋಡಿದೆ. ಬಳಸಿದ್ದು ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಫೋಟೋಶಾಪ್ ಇದ್ದವರು ಅದರಲ್ಲೇ ಮಾಡಬಹುದು. ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ), ಮಾಸ್ಕ್ (ಪದರದ ಯಾವ ಭಾಗ ಕಾಣಬೇಕು ಅಂತ ಹೇಳುವ ಮುಸುಕು; ಕಪ್ಪು ಬಳಿದ ಕಡೆ ಮರೆ, ಬಿಳಿ ಬಳಿದ ಕಡೆ ಕಾಣುತ್ತದೆ), ಕರ್ವ್ಸ್ (ಬೆಳಕು-ನೆರಳು ಹೊಂದಿಸುವ ಸಾಧನ) ಎರಡರಲ್ಲೂ ಇವೆ.

ಅರ್ಧ ಕೆಲಸ ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಮುಗಿಯುತ್ತದೆ, ಫೋಟೋ ಆರಿಸುವುದರಲ್ಲಿ. ಶಿವಮೊಗ್ಗದ ಹತ್ತಿರ ಇದಕ್ಕೆ ಒಳ್ಳೆ ಅನುಕೂಲ ಇದೆ. ತ್ಯಾವರೆಕೊಪ್ಪದಲ್ಲಿ ಹುಲಿ-ಸಿಂಹಧಾಮ, ಸಕ್ರೆಬೈಲಿನಲ್ಲಿ ಆನೆ ಬಿಡಾರ. ಸಿಂಹವನ್ನು ಮೊದಲು ತೆಗೆದೆ. ಸಫಾರಿ ಬಸ್ಸು ಎಲ್ಲಿ ನಿಲ್ಲುತ್ತದೆ, ಸಿಂಹ ಯಾವ ಕಡೆ ಮುಖ ಮಾಡುತ್ತದೆ, ಇದು ನಮ್ಮ ಕೈಯಲ್ಲಿಲ್ಲ. ಆನೆ ಹಾಗಲ್ಲ. ಮಾವುತರು ಪಕ್ಕದಲ್ಲೇ ಇರುತ್ತಾರೆ, ನಾವು ಜಾಗ ಬದಲಿಸಿಕೊಂಡು ನಿಲ್ಲಬಹುದು. ಬಸ್ಸಿನಿಂದ ಸಿಂಹವನ್ನು ಸ್ವಲ್ಪ ಮೇಲಿನಿಂದ ನೋಡಿದ್ದೆ, ಹಾಗಾಗಿ ಆನೆಯನ್ನೂ ನದಿ ದಂಡೆಯ ಎತ್ತರದಿಂದ ತೆಗೆದೆ. ಬಿಸಿಲು ಎರಡರಲ್ಲೂ ಎಡಗಡೆಯಿಂದ. ಬಿಸಿಲಿನ ದಿಕ್ಕು ಉಲ್ಟಾ ಇದ್ದರೆ ಒಂದು ಫೋಟೋವನ್ನು ಅಡ್ಡಲಾಗಿ ಮಗುಚಿ ಸರಿಮಾಡಬಹುದು. ಕ್ಯಾಮೆರಾದ ಎತ್ತರ ತಪ್ಪಿದರೆ ಮಾತ್ರ ಯಾವ ಸಾಫ್ಟ್‌ವೇರೂ ಕೈ ಹಿಡಿಯಲ್ಲ. ಇನ್ನೊಂದು ವಿಷಯ, ತುಂಗೆಯಲ್ಲಿ ಮಿಂದು ಬಂದ ಆನೆ ಕಪ್ಪಗೆ ಮಿರುಗುತ್ತದೆ. ಸಿಂಹದ ಒಣ ಮೈಗೆ ಆ ಹೊಳಪು ಹೊಂದಲ್ಲ. ಮೈ ಒಣಗುವವರೆಗೆ ಕಾಯಬೇಕು.

ತಲೆ ಯಾವ ಆನೆಯದು ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ದೊಡ್ಡ ಆನೆಯ ತಲೆಯನ್ನು ಸಿಂಹದ ಅಳತೆಗೆ ಕುಗ್ಗಿಸಿದರೆ ಚರ್ಮದ ಸುಕ್ಕುಗಳೂ ಕುಗ್ಗುತ್ತವೆ. ಆಗ ಇಡೀ ತಲೆ ಚನ್ನಪಟ್ಟಣದ ಬೊಂಬೆಯ ಹಾಗೆ ಕಾಣುತ್ತದೆ. ಮರಿಯಾನೆ ತಲೆಯನ್ನು ಅಷ್ಟು ಕುಗ್ಗಿಸಬೇಕಾಗಿಲ್ಲ. ಜೊತೆಗೆ ನಮ್ಮ ಆನೆಗಳ ಮರಿಗೆ ನೆತ್ತಿ, ಹಣೆ ಮೇಲೆಲ್ಲ ಕಂದು ಬಣ್ಣದ ಒರಟು ಕೂದಲು ಇರುತ್ತದೆ. ಆ ಕೂದಲು ಕೇಸರದ ಬಣ್ಣಕ್ಕೆ ತಾನಾಗಿಯೇ ಹತ್ತಿರ ಬರುತ್ತದೆ. ಮುಖ ಸ್ವಲ್ಪ ಮಗುವಿನ ಮುಖ ಆಗುತ್ತದೆ, ನಿಜ. ಅದಕ್ಕೆ ಚಿತ್ರವನ್ನು ಎಳೆದು ಆಕಾರ ಬದಲಿಸುವ ವಾರ್ಪ್ ಟೂಲ್‌ನಿಂದ ದವಡೆಯನ್ನು ತುಸು ಅಗಲ ಮಾಡಿದೆ, ಸೊಂಡಿಲಿನ ಬುಡವನ್ನು ದಪ್ಪ ಮಾಡಿದೆ. ದಂತವನ್ನು ಬೇರೆ ಫೋಟೋದಿಂದ ತಂದು ಅಂಟಿಸಲಿಲ್ಲ. ಮೂರನೇ ಫೋಟೋ ಅಂದರೆ ಮೂರನೇ ಬೆಳಕು.

ಈಗ ಜೋಡಣೆ. 1799ರಲ್ಲಿ ಪ್ಲಾಟಿಪಸ್ (ಬಾತಿನಂಥ ಕೊಕ್ಕಿರುವ ಆಸ್ಟ್ರೇಲಿಯಾದ ಪ್ರಾಣಿ) ಒಂದರ ಒಣಗಿದ ಚರ್ಮವನ್ನು ಪರೀಕ್ಷಿಸಿದ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾಗೆ, ಇದು ಯಾರೋ ಬಾತಿನ ಕೊಕ್ಕು ಸೇರಿಸಿ ಮಾಡಿದ ಮೋಸ ಇರಬಹುದಾ ಅಂತ ಅನುಮಾನ ಬಂದಿತ್ತು. ನಿಜವಾದ ಪ್ರಾಣಿಗೇ ಆ ಗತಿ! ನೋಡುವವರ ಕಣ್ಣು ಮೊದಲು ಹೋಗುವುದು ಹೊಲಿಗೆ ಇರಬಹುದಾದ ಜಾಗಕ್ಕೆ. ಹಾಗಾಗಿ ಬರೀ ಚರ್ಮದ ಮೇಲೆ ಜೋಡಿಸಬಾರದು. ಮೈಯಲ್ಲಿ ಮೊದಲೇ ಒಂದು ಅಂಚು ಇರುವ ಕಡೆ ಜೋಡಿಸಬೇಕು. ಆನೆಯ ಕಿವಿಯ ಹಿಂದಿನ ಅಂಚು ಅಂಥದ್ದು. ಕಿವಿಯವರೆಗೂ ಆನೆ, ಕಿವಿಯ ಹಿಂದಿನಿಂದ ಕೇಸರ. ಮೇಲ್ಭಾಗ ಅಷ್ಟಕ್ಕೇ ಮುಗಿಯಿತು.

ಗಲ್ಲದ ಕೆಳಗೆ ಅಂಥ ಅಂಚು ಇಲ್ಲ. ಅಲ್ಲಿ ಕೂದಲೇ ಬೇಕು. ಸಿಂಹದ ಲೇಯರಿನ ಇನ್ನೊಂದು ಪ್ರತಿ ಮಾಡಿ ಆನೆ ತಲೆಯ ಮೇಲಿಟ್ಟೆ. ಅದಕ್ಕೆ ಪೂರ್ತಿ ಕಪ್ಪು ಮಾಸ್ಕ್ ಹಾಕಿದೆ, ಏನೂ ಕಾಣದಂತೆ. ಆಮೇಲೆ ಸಣ್ಣ ಬ್ರಷ್‌ನಿಂದ, ಕೂದಲು ಬೆಳೆದ ದಿಕ್ಕಿನಲ್ಲೇ, ಬಿಳಿ ಗೆರೆ ಎಳೆಯುತ್ತಾ ಹೋದೆ. ಒಂದೊಂದು ಗೆರೆಗೂ ಕೇಸರದ ಒಂದೊಂದು ಎಳೆ ಆನೆಯ ದವಡೆ ಮೇಲೆ ಬಂದು ಬೀಳುತ್ತದೆ. ಬೇಜಾರಿನ ಕೆಲಸ, ಆದರೆ ಪ್ರಾಣಿ ಒಂದಾಗುವುದು ಇಲ್ಲೇ. ದೊಡ್ಡ ಮೆದು ಬ್ರಷ್ ಒಂದು ಸಲ ಆಡಿಸಿದರೆ ಸಾಲದಾ ಅಂತ ಕೇಳಬಹುದು. ಸಾಲದು. ಮಂಜು ಕವಿದಂತೆ ಆಗುತ್ತದೆ, ಕೂದಲು ಹಾಗೆ ಮುಗಿಯಲ್ಲ ಅಲ್ವಾ? ಸೊಂಡಿಲಿನ ಪಕ್ಕದಲ್ಲಿ ಸಿಂಹದ ಮೂತಿ ಇಣುಕುತ್ತಿತ್ತು. ಹಿಂದಿನ ಹುಲ್ಲನ್ನು ಕ್ಲೋನ್ ಮಾಡಿ, ಅಂದರೆ ನಕಲು ಬಳಿದು, ಅದನ್ನು ಮುಚ್ಚಿದೆ.

ಬಣ್ಣಕ್ಕಿಂತ ಮೊದಲು ಬೆಳಕು ಸರಿಮಾಡಿಕೊಳ್ಳಿ. ಎಲ್ಲಕ್ಕಿಂತ ಮೇಲೆ ಒಂದು ಲೇಯರ್ ಇಟ್ಟು, ಅದಕ್ಕೆ ಬೂದು ಬಣ್ಣ ತುಂಬಿ, ಮೋಡ್ ಅನ್ನು (ಕೆಳಗಿನ ಪದರದ ಜೊತೆ ಬೆರೆಯುವ ರೀತಿ) ಸ್ಯಾಚುರೇಷನ್‌ಗೆ ಬದಲಿಸಿದರೆ ಇಡೀ ಚಿತ್ರ ಕಪ್ಪು-ಬಿಳುಪು ಆಗುತ್ತದೆ. ಆಗ ಆನೆಯ ನೆರಳಿನ ಭಾಗ ಸಿಂಹದ ನೆರಳಿಗಿಂತ ಎಷ್ಟು ಜಾಸ್ತಿ ಕಪ್ಪಗಿದೆ ಅಂತ ಎದ್ದು ಕಾಣುತ್ತದೆ. ಕರ್ವ್ಸ್‌ನಲ್ಲಿ ಅದನ್ನು ಸರಿಮಾಡಿ, ಬೂದು ಲೇಯರನ್ನು ಅಳಿಸಿದೆ. ನಂತರ ಕೇಸರದ ಬಣ್ಣವನ್ನೇ ಎತ್ತಿಕೊಂಡು ಆನೆಯ ದವಡೆಯ ಕೆಳಗೆ, ಸಾಫ್ಟ್ ಲೈಟ್ ಮೋಡ್‌ನಲ್ಲಿ, ಕಂಡೂ ಕಾಣದಷ್ಟು ಬಳಿದೆ. ಬಿಸಿಲಿನಲ್ಲಿ ಹೊಂಬಣ್ಣದ ಕೂದಲಿನ ಪಕ್ಕ ಇರುವ ಚರ್ಮ ಬರೀ ಬೂದು ಇರಲು ಸಾಧ್ಯವಿಲ್ಲ. ಸೊಂಡಿಲಿನ ನೆರಳು ಎದೆಯ ಮೇಲೆ ಬೀಳಬೇಕು. ಅದನ್ನು ಕೆಳಗಿನದನ್ನು ಕಪ್ಪಾಗಿಸುವ ಮಲ್ಟಿಪ್ಲೈ ಮೋಡ್‌ನ ಲೇಯರಿನಲ್ಲಿ ಕೈಯಲ್ಲೇ ಬರೆದೆ. ಅಪ್ಪಟ ಕಪ್ಪು ಬಳಸಲಿಲ್ಲ, ಗಾಢ ಕಂದು. ಸೊಂಡಿಲು ಎದೆಗೆ ಹತ್ತಿರ ಇದ್ದ ಕಡೆ ನೆರಳಿನ ಅಂಚು ಚೂಪು, ದೂರ ಸರಿದ ಕಡೆ ಮಸುಕು.

ಕೊನೆಗೆ ಎಲ್ಲದರ ಮೇಲೂ ಒಂದೇ ಪ್ರಮಾಣದ ನಾಯ್ಸ್, ಅಂದರೆ ಸಣ್ಣ ಕಾಳಿನಂಥ ಚುಕ್ಕೆ, ಹಾಕಿದೆ. ಕುಗ್ಗಿಸಿದ ತಲೆ ನುಣುಪಾಗಿರುತ್ತದೆ, ಮೈಯಲ್ಲಿ ಕ್ಯಾಮೆರಾದ ಕಾಳು ಹಾಗೇ ಉಳಿದಿರುತ್ತದೆ. ನಾಯ್ಸ್ ಆ ವ್ಯತ್ಯಾಸವನ್ನು ಮುಚ್ಚುತ್ತದೆ.

ಇದನ್ನೆಲ್ಲ ಎಐಗೆ ಹೇಳಿದರೆ ಕ್ಷಣದಲ್ಲಿ ಮಾಡಿಕೊಡುತ್ತದೆ ಅಂತ ಗೆಳೆಯರು ಹೇಳಿದರು. ಮಾಡಲಿ. ಕಿವಿಯ ಅಂಚಿನಲ್ಲಿ ಜೋಡಿಸಬೇಕು ಅಂತ ಹೊಳೆದಾಗ ಸಿಕ್ಕ ಖುಷಿ ನನಗೆ ಸಾಕು.

ಲೇಯರ್‌ಗಳ ಸಮೇತ ಗಿಂಪ್‌ನ ಎಕ್ಸ್‌ಸಿಎಫ್ ಫೈಲ್ ಇಟ್ಟುಕೊಂಡಿದ್ದೇನೆ. ಜೆಪೆಗ್‌ನ ಮೂಲೆಯಲ್ಲಿ, ಚಿತ್ರದ ಒಳಗೇ, ‘ಎರಡು ಫೋಟೋ ಬೆರೆಸಿದ್ದು’ ಅಂತ ಬರೆದಿದ್ದೇನೆ. ಚಿತ್ರದ ಹೊರಗೆ, ಕೆಳಗೆ ಬರೆದ ಸಾಲು ವಾಟ್ಸಾಪ್‌ನಲ್ಲಿ ಒಂದು ಕೈ ದಾಟುವಷ್ಟರಲ್ಲಿ ಕಳಚಿಹೋಗುತ್ತದೆ. ಆಮೇಲೆ ಅದು ಭದ್ರಾ ಕಾಡಿನಲ್ಲಿ ಕಂಡ ಪ್ರಾಣಿ ಅಂತ ನಮ್ಮ ಮನೆಯವರ ಗ್ರೂಪಿಗೇ ವಾಪಸ್ ಬರುತ್ತದೆ.