ಅರ್ಜಿ ಕಳಿಸುವ ಮೊದಲು ‘ಇಂದ’ ಎಲ್ಲಿದೆ ನೋಡಿ

ಇಂಗ್ಲಿಷಿನಲ್ಲಿ ಕೆಲಸಕ್ಕೆ ಅರ್ಜಿ ಬರೆಯುವವರ ಸ್ಪೆಲಿಂಗ್ ತಪ್ಪುಗಳನ್ನು ಫೋನೇ ತಿದ್ದಿಬಿಡುತ್ತದೆ. ಉಳಿಯುವುದು ವ್ಯಾಕರಣ, ಅದರಲ್ಲೂ ಸರಿಯಾದ ಕನ್ನಡ ವಾಕ್ಯವನ್ನೇ ಹಾಗೇ ಇಂಗ್ಲಿಷಿಗೆ ಇಳಿಸಿದಾಗ ಆಗುವ ತಪ್ಪುಗಳು. ಬರೆದಾದ ಮೇಲೆ ನಾಲ್ಕು ಸಲ ಓದಿ, ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹುಡುಕಿ. ಎಲ್ಲವನ್ನೂ ಒಟ್ಟಿಗೆ ಹುಡುಕಲು ಹೊರಟರೆ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಮೊದಲ ಓದು ‘ಡಿಡ್’ಗೆ. ಅದು ಬಂದ ಕಡೆಯೆಲ್ಲ ಮುಂದಿನ ಕ್ರಿಯಾಪದ ಮೂಲರೂಪದಲ್ಲಿರಬೇಕು: ‘ಡಿಡ್ ನಾಟ್ ವೆಂಟ್’ ತಪ್ಪು, ‘ಡಿಡ್ ನಾಟ್ ಗೋ’ ಸರಿ. ಭೂತಕಾಲವನ್ನು ‘ಡಿಡ್’ ಹೊತ್ತಾಗಿದೆ, ಇನ್ನೊಮ್ಮೆ ಹೇರಬೇಡಿ.

ಎರಡನೇ ಓದು ಕಾಲ ಹೇಳುವ ಸಾಲುಗಳಿಗೆ, ಇದಕ್ಕೆ ಪುರುಸೊತ್ತು ಮಾಡಿಕೊಳ್ಳಿ. ‘ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬ ಮಾತು ಅರ್ಜಿಯಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಆಗಿರುತ್ತದೆ. ಈ ಒಂದು ಸಾಲಿನಲ್ಲಿ ಎರಡು ತಪ್ಪಿವೆ.

ಒಂದು, ‘ಸಿನ್ಸ್’. ಕನ್ನಡದಲ್ಲಿ ‘2022ರಿಂದ’ ಅಂದರೂ ‘ಮೂರು ವರ್ಷದಿಂದ’ ಅಂದರೂ ಪ್ರತ್ಯಯ ಅದೇ ‘ಇಂದ’. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ‘ಇಲ್ಲಿಂದ ಶುರು’ ಎಂದು ತೋರಿಸುವಂತಿದ್ದರೆ ‘ಸಿನ್ಸ್’: ಸಿನ್ಸ್ 2022, ಸಿನ್ಸ್ ಜೂನ್, ಸಿನ್ಸ್ ಮಂಡೇ. ದಿನ, ತಿಂಗಳು, ವರ್ಷ ಎಷ್ಟೆಂದು ಎಣಿಸಿ ಹೇಳಿದರೆ ‘ಫಾರ್’: ಫಾರ್ ತ್ರೀ ಇಯರ್ಸ್.

ಇನ್ನೊಂದು, ‘ಆಮ್ ವರ್ಕಿಂಗ್’. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಪೂರ್ತಿ ಸಾಲು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’. ಇದರ ಗೊಡವೆ ಬೇಡವೆಂದು ‘ಐ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್’ ಎಂದು ಬರೆಯುವವರಿದ್ದಾರೆ. ವ್ಯಾಕರಣ ಸರಿಯೇ, ಆದರೆ ಓದಿದವರು ನೀವು ಕೆಲಸ ಬಿಟ್ಟಿದ್ದೀರಿ ಎಂದುಕೊಳ್ಳುತ್ತಾರೆ. ತಿದ್ದುವ ಆ್ಯಪ್‌ಗಳನ್ನು ನಂಬಿ ಕೂರಬೇಡಿ ಎನ್ನುವುದು ಇದಕ್ಕೇ. ಕೆಲಸದಲ್ಲಿ ಇದ್ದೀರೋ ಬಿಟ್ಟಿದ್ದೀರೋ ಅದಕ್ಕೆ ಗೊತ್ತಿರುವುದಿಲ್ಲ.

‘ಇಂಗ್’ ಎಲ್ಲಿ ಹಾಕಬಾರದು ಎಂಬುದಕ್ಕೆ ಕನ್ನಡವೇ ದಾರಿ ತೋರಿಸುತ್ತದೆ. ‘ಗೊತ್ತು’, ‘ಬೇಕು’, ‘ಇದೆ’ ಇವಕ್ಕೆ ‘ಉತ್ತಿದ್ದೇನೆ’ ಹಚ್ಚಲು ಬರುವುದಿಲ್ಲ. ಈ ಅರ್ಥದ ‘ನೋ’, ‘ವಾಂಟ್’, ‘ಹ್ಯಾವ್’ಗೂ ‘ಇಂಗ್’ ಹಚ್ಚಬೇಡಿ. ‘ಐ ಆಮ್ ಹ್ಯಾವಿಂಗ್ ಎ ಡಿಗ್ರಿ’ ಅಲ್ಲ, ‘ಐ ಹ್ಯಾವ್ ಎ ಡಿಗ್ರಿ’.

ಇದೇ ಓದಿನಲ್ಲಿ ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’ ಇರುವ ಸಾಲುಗಳನ್ನೂ ನೋಡಿ. ‘ನಿನ್ನೆ ಕಳಿಸಿದ್ದೇನೆ’ ಒಳ್ಳೆಯ ಕನ್ನಡ, ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ತಪ್ಪು ಇಂಗ್ಲಿಷ್. ಮುಗಿದ ದಿನ ಹೇಳಿದರೆ ‘ಹ್ಯಾವ್’ ಬಿಡಿ: ‘ಐ ಸೆಂಟ್ ಇಟ್ ಯೆಸ್ಟರ್‌ಡೇ’. ದಿನ ಹೇಳದಿದ್ದರೆ ‘ಐ ಹ್ಯಾವ್ ಸೆಂಟ್ ಇಟ್’ ಚೆನ್ನಾಗಿಯೇ ಇದೆ.

ಮೂರನೇ ಓದು ‘ಎ’, ‘ಆನ್’ಗಳಿಗೆ. ‘ನಾನು ಟೀಚರ್’ ಅಂದರೆ ನಮಗೆ ಸಾಕು, ಇಂಗ್ಲಿಷಿಗೆ ‘ಐ ಆಮ್ ಎ ಟೀಚರ್’ ಆಗಬೇಕು. ‘ಎ’ಯೋ ‘ಆನ್’ಓ ಎಂಬ ಅನುಮಾನ ಬಂದರೆ ಮುಂದಿನ ಪದವನ್ನು ಕನ್ನಡದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ‘ಆನ್’: ಆನ್ ಎಂಬಿಎ, ಆನ್ ಅವರ್. ವ್ಯಂಜನವಾದರೆ ‘ಎ’: ಎ ಯೂನಿವರ್ಸಿಟಿ. ‘ಒನ್’, ‘ಇಯರ್’ನಂಥ ಪದಗಳಲ್ಲಿ ಮಾತ್ರ ಎಚ್ಚರವಿರಲಿ. ಇಂಗ್ಲಿಷಿನಲ್ಲಿ ಅವುಗಳ ಉಚ್ಚಾರ ‘ವ’, ‘ಯ’ದಿಂದ ಶುರು, ಹಾಗಾಗಿ ‘ಎ ಇಯರ್’. ಐದು ಸ್ವರಾಕ್ಷರಗಳ ನಿಯಮ ಬಾಯಿಪಾಠ ಮಾಡಿಸುವ ಗೈಡುಗಳನ್ನು ಪಕ್ಕಕ್ಕಿಡಿ, ‘ಆನ್ ಯೂನಿವರ್ಸಿಟಿ’ ಹುಟ್ಟುವುದೇ ಅಲ್ಲಿ.

ನಾಲ್ಕನೆಯದು ಎರಡು ನಿಮಿಷದ ಕೆಲಸ. ‘ಡಿಸ್ಕಸ್’, ‘ಮೆನ್ಷನ್’ ಕ್ರಿಯಾಪದಗಳ ಮುಂದೆ ‘ಅಬೌಟ್’, ‘ರಿಟರ್ನ್’ ಮುಂದೆ ‘ಬ್ಯಾಕ್’, ‘ರೀಚ್’ ಮುಂದೆ ‘ಟು’ ಕಂಡರೆ ಹೊಡೆದುಹಾಕಿ, ಆಮೇಲೆ ಕಳಿಸಿ.